1972ರ ಡಿಲಕ್ಸ್ ರಿವರ್ಬ್: ಬಿಚ್ಚಿ ನೋಡಿ ಬೆಲೆ ಕಟ್ಟಿದ್ದು

ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, ಫೆಂಡರ್ ಕಂಪನಿಯದು; ಹೆಸರು ಡಿಲಕ್ಸ್ ರಿವರ್ಬ್. ಇದ್ದದ್ದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದ ಒಂದು ಮನೆಯ ನೆಲಮಾಳಿಗೆಯಲ್ಲಿ. ಕೊಳ್ಳಬೇಕೆಂದು ಆಸೆಪಟ್ಟವನು ನನ್ನ ತಂಗಿಯ ಮಗ. ಹಗಲೆಲ್ಲ ಸಾಫ್ಟ್‌ವೇರ್ ಕೆಲಸ, ವಾರಾಂತ್ಯಕ್ಕೆ ಗಿಟಾರ್. ಯುಗಾದಿ, ರಾಜ್ಯೋತ್ಸವ ಬಂದರೆ ಕನ್ನಡ ಕೂಟದ ವೇದಿಕೆಯಲ್ಲಿ ಗೆಳೆಯರ ಜತೆ ನುಡಿಸುತ್ತಾನೆ. ಇನ್ನೆರಡು ಮೂರು ವರ್ಷಕ್ಕೆ ಬೆಂಗಳೂರಿಗೆ ವಾಪಸಾಗುವ ಯೋಚನೆಯೂ ಇದೆ. ಈ ಲೆಕ್ಕಾಚಾರದಲ್ಲಿ ಅದೂ ಸೇರಿಕೊಂಡಿತು. ಮಾರುವವರು ಎಪ್ಪತ್ತು ದಾಟಿದ ಹಿರಿಯರು, ಹರೆಯದಲ್ಲಿ ಬಾರುಗಳಲ್ಲಿ ನುಡಿಸುತ್ತಿದ್ದವರು. ಕೇಳಿದ ಬೆಲೆ 1,800 ಡಾಲರ್.

"ಮಾಮ, ಇದಕ್ಕೆ ಅಷ್ಟು ಕೊಡಬಹುದಾ? ಕೊಂಡ ಮೇಲೆ ಇನ್ನೆಷ್ಟು ಸುರೀಬೇಕಾಗತ್ತೆ?" ಅಂತ ಫೋಟೊಗಳನ್ನು ಕಳಿಸಿದ. ಫೋಟೊದಲ್ಲಿ ಆಂಪಿನ ಸ್ಥಿತಿ ಮರುಕ ಹುಟ್ಟಿಸುವಂತಿತ್ತು. ಮೂಲೆಗಳಲ್ಲಿ ಕಪ್ಪು ರೆಕ್ಸಿನ್ ಹೊದಿಕೆ ಎದ್ದು ಒಳಗಿನ ಮರ ಕಾಣುತ್ತಿತ್ತು. ಮುಂದಿನ ಬಟ್ಟೆಗೆ ಸಿಗರೇಟಿನ ಹೊಗೆ ಹಿಡಿದು ಹಳದಿಯಾಗಿತ್ತು. ಬೆಳ್ಳಿ ಬಣ್ಣದ ಫಲಕದ ಮೇಲಿನ ಅಕ್ಷರಗಳು ಬೆರಳಾಡಿ ಸವೆದಿದ್ದವು. ಅವನ ಬ್ಯಾಂಡಿನ ಗೆಳೆಯರು "ಬೇಡ, ಬಿಡು" ಅಂದಿದ್ದರಂತೆ. ನನಗೆ ಆ ಸವೆತದಿಂದ ಏನೂ ಅನ್ನಿಸಲಿಲ್ಲ. ಬೆಂಗಳೂರಿನಲ್ಲಿ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರುವ ಹಳೆಯ ರೇಡಿಯೊಗಳ ಮೇಲೆ ಕೈ ಪಳಗಿಸಿಕೊಂಡವನು ನಾನು. ಬಳಸಿ ಸವೆದ ಯಂತ್ರಕ್ಕಿಂತ, ಯಾರೋ ಅರೆಬರೆ ಗೊತ್ತಿರುವವರು ಒಳಗೆ ಕೈಯಾಡಿಸಿದ ಯಂತ್ರಕ್ಕೆ ನಾನು ಹೆಚ್ಚು ಹೆದರುತ್ತೇನೆ. ಸವೆದದ್ದಕ್ಕೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಯಾರೋ ಮಾಡಿಟ್ಟದ್ದನ್ನು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಈ ಆಂಪ್ ಎಂಥದು

ಲಿಯೊ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು. ಆ ರಿಪೇರಿಗಾರನ ಬುದ್ಧಿ ಅವರ ಆಂಪ್‌ಗಳ ಒಳಗೆ ಕಾಣುತ್ತದೆ. ದಪ್ಪ ಫೈಬರ್ ಹಲಗೆ, ಅದರಲ್ಲಿ ಸಾಲಾಗಿ ಹಿತ್ತಾಳೆಯ ಕಣ್ಣುಗಳು, ಒಂದೊಂದು ಕಣ್ಣಿಗೂ ಬೆಸುಗೆ ಹಾಕಿದ ರೆಸಿಸ್ಟರ್, ಕೆಪಾಸಿಟರ್. ಯಾವ ಬಿಡಿಭಾಗ ಕೆಟ್ಟರೂ ಅದೊಂದನ್ನೇ ಕಿತ್ತು ಬೇರೆಯದನ್ನು ಹಾಕಬಹುದು. 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರ್ ಕೊಟ್ಟು ಫೆಂಡರ್ ಕಂಪನಿಯನ್ನು ಕೊಂಡಿತು. 60ರ ದಶಕ ಮುಗಿಯುವ ಹೊತ್ತಿಗೆ ಕಪ್ಪು ಫಲಕ ಹೋಗಿ ಬೆಳ್ಳಿ ಫಲಕ ಬಂತು. ಕೆಲವು ದೊಡ್ಡ ಮಾದರಿಗಳ ಸರ್ಕ್ಯೂಟ್‌ಗಳನ್ನು ಹೊಸ ಮಾಲೀಕರು ಸಾಕಷ್ಟು ತಿದ್ದಿದರು, ಸಂಗೀತಗಾರರು ಗೊಣಗಿದರು. ಡಿಲಕ್ಸ್ ರಿವರ್ಬ್ ಮಾತ್ರ ಎಬಿ763 ಎಂಬ ತನ್ನ 1963ರ ನಕ್ಷೆಗೆ ಬಹುಮಟ್ಟಿಗೆ ಅಂಟಿಕೊಂಡೇ ಉಳಿಯಿತು. ಆದರೂ ಕಪ್ಪು ಫಲಕದ್ದಕ್ಕೆ ಸಂಗ್ರಹಕಾರರು ಕೊಡುವ ಬೆಲೆ ಇದಕ್ಕಿಲ್ಲ. ನುಡಿಸಲಿಕ್ಕೆ ಕೊಳ್ಳುವವನಿಗೆ ಲಾಭ ಇರುವುದು ಅಲ್ಲಿಯೇ.

ಶಕ್ತಿ ಸುಮಾರು 22 ವ್ಯಾಟ್. ಎರಡು 6ವಿ6 ಪವರ್ ವಾಲ್ವ್, ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಒಂದು ರೆಕ್ಟಿಫೈಯರ್ ವಾಲ್ವ್, ಆರು ಸಣ್ಣ ವಾಲ್ವ್, ಒಟ್ಟು ಒಂಬತ್ತು. 12 ಇಂಚಿನ ಒಂದು ಸ್ಪೀಕರ್. ಸ್ಪ್ರಿಂಗ್‌ಗಳ ಮೂಲಕ ಸದ್ದನ್ನು ಹಾಯಿಸಿ ಅನುರಣನ ಹುಟ್ಟಿಸುವ ರಿವರ್ಬ್. ಈ ವಿದ್ಯೆ ಹ್ಯಾಮಂಡ್ ಆರ್ಗನ್‌ಗಳಿಂದ ಬಂದದ್ದು. ಜತೆಗೆ ವೈಬ್ರಾಟೊ ಎಂದು ಬರೆದಿರುವ, ನಿಜದಲ್ಲಿ ಸದ್ದಿನ ಮಟ್ಟವನ್ನು ಏರಿಳಿಸುವ ಸೌಲಭ್ಯ. ಸಮುದಾಯ ಭವನದ ವೇದಿಕೆಗೆ ಇದು ಸಾಕೋ ಸಾಕು. ಇದೇ ಕಂಪನಿಯ ಟ್ವಿನ್ ರಿವರ್ಬ್ 85 ವ್ಯಾಟ್‌ನದು, ಅದರ ದನಿ ಸೊಗಸಾಗಿ ಅರಳಬೇಕಾದರೆ ಪಕ್ಕದ ಮನೆಯವರು ಊರಲ್ಲಿರಬಾರದು.

ಹೊಸದನ್ನೇ ಕೊಂಡರೇನು ಎಂಬ ಪ್ರಶ್ನೆಯೂ ಎದ್ದಿತು. ಫೆಂಡರ್ ಕಂಪನಿ 1993ರಿಂದ ಇದರ ಮರುಮಾದರಿಯನ್ನು ಮಾಡುತ್ತಿದೆ, ದನಿ ಚೆನ್ನಾಗಿಯೇ ಇದೆ. ಆದರೆ ಅದರ ಒಳಗಿರುವುದು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಐವತ್ತು ವರ್ಷ ಬಿಟ್ಟು ಅದನ್ನು ಬಿಚ್ಚಿ ಬೆಸುಗೆ ಹಾಕುವವನಿಗೆ ಈ ಹಳೆಯ ಹಲಗೆಯ ಸಲೀಸು ಅಲ್ಲಿ ಸಿಗದು. ಹುಡುಗನಿಗೆ ಬೇಕಿದ್ದದ್ದು ಜೀವನಪೂರ್ತಿ ಇಟ್ಟುಕೊಳ್ಳುವ ಆಂಪ್. ಹಾಗಾಗಿ ಹಳೆಯದನ್ನು ಹೋಗಿ ನೋಡೋಣ ಅಂದೆ.

ನೆಲಮಾಳಿಗೆಯಲ್ಲಿ

ಆ ಹಿರಿಯರು ಬಿಚ್ಚಿ ನೋಡಲು ಖುಷಿಯಿಂದ ಒಪ್ಪಿದರು. ಒಪ್ಪದಿದ್ದರೆ ಅಲ್ಲಿಂದಲೇ ವಾಪಸು ಬರುತ್ತಿದ್ದೆವು. ಒಳಗೆ ನೋಡದೆ ಇಂಥದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಮೊದಲು ಪ್ಲಗ್. ಮೂರು ಪಿನ್ನಿನ ವೈರು, ಅದರಲ್ಲಿ ಅರ್ಥ್ ಪಿನ್ ಕತ್ತರಿಸಿತ್ತು. ಹಮ್ ಸದ್ದು ತಪ್ಪಿಸಲು ಹಿಂದೆಲ್ಲ ಹೀಗೆ ಮಾಡುತ್ತಿದ್ದರು. ಇದು ಎಷ್ಟು ಅಪಾಯ ಎಂದು ಸ್ವಲ್ಪ ವಿವರಿಸಲೇಬೇಕು. ಆ ಕಾಲದ ಫೆಂಡರ್ ಆಂಪ್‌ಗಳ ಹಿಂಬದಿಯಲ್ಲಿ ಗ್ರೌಂಡ್ ಸ್ವಿಚ್ ಎಂಬುದೊಂದಿದೆ. ಅದರಿಂದ 0.047 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ನೇರವಾಗಿ ಮೇನ್ಸ್ ತಂತಿಗೂ ಷಾಸಿಗೂ (ಭಾಗಗಳನ್ನೆಲ್ಲ ಕೂರಿಸಿರುವ ಲೋಹದ ಚೌಕಟ್ಟು) ನಡುವೆ ಕೂತಿರುತ್ತದೆ. ವಯಸ್ಸಾದ ಆ ಕೆಪಾಸಿಟರ್ ಒಳಗೊಳಗೇ ಶಾರ್ಟ್ ಆದರೆ ಷಾಸಿಗೆ 120 ವೋಲ್ಟ್ ಬರುತ್ತದೆ. ಷಾಸಿಯಿಂದ ಗಿಟಾರಿನ ವೈರು, ವೈರಿನಿಂದ ತಂತಿಗಳು, ತಂತಿಗಳ ಮೇಲೆ ಬೆರಳು. ಆಗ ತುಟಿ ಮೈಕಿಗೆ ತಾಗಿತೆಂದರೆ ವಿದ್ಯುತ್ತಿಗೆ ದಾರಿ ಪೂರ್ತಿಯಾಯಿತು. ಅರ್ಥ್ ಇದ್ದಿದ್ದರೆ ಫ್ಯೂಸ್ ಹಾರುತ್ತಿತ್ತು. ಇಲ್ಲದಿದ್ದರೆ ಹಾರುವುದು ಪ್ರಾಣ. ಆಂಪ್ ರಿಪೇರಿ ಮಾಡುವವರು ಅದನ್ನು ಸಾವಿನ ಕೆಪಾಸಿಟರ್ ಎಂದೇ ಕರೆಯುತ್ತಾರೆ. ಕೊಂಡರೂ ಸರಿ, ಬಿಟ್ಟರೂ ಸರಿ, ಈ ವೈರಿನಲ್ಲಿ ಇನ್ನೊಮ್ಮೆ ಹಚ್ಚಬೇಡಿ ಎಂದು ಅವರಿಗೆ ಹೇಳಿ, ನಾನು ತಂದಿದ್ದ ಅರ್ಥ್ ಇರುವ ವೈರನ್ನು ತಾತ್ಕಾಲಿಕವಾಗಿ ಜೋಡಿಸಿದೆ, ಆ ಕೆಪಾಸಿಟರಿನ ಒಂದು ಕಾಲನ್ನು ಕತ್ತರಿಸಿದೆ.

ಆಮೇಲೆ ಕಬ್ಬಿಣ, ಅಂದರೆ ಟ್ರಾನ್ಸ್‌ಫಾರ್ಮರ್‌ಗಳು. ಇಂಥ ಆಂಪಿನಲ್ಲಿ ವಾಲ್ವ್, ಕೆಪಾಸಿಟರ್, ಪ್ಲಗ್ ಎಲ್ಲವೂ ಖರ್ಚಾಗುವ ಸಾಮಾನು. ಹೋದರೆ ಜೀವ ಹೋಯಿತು ಅನ್ನುವಂಥದ್ದು ಟ್ರಾನ್ಸ್‌ಫಾರ್ಮರ್‌ಗಳು. ಮೂಲದವೇ ಹೌದೋ ಅಲ್ಲವೋ ಎಂದು ತಿಳಿಯಲು ಅವುಗಳ ಮೇಲೆ ಒತ್ತಿದ ಅಂಕಿ ಸಾಕು. 606 ಅಂದರೆ ತಯಾರಕರು ಷೂಮಾಕರ್, ಮುಂದಿನ ಅಂಕಿ ವರ್ಷದ ಕೊನೆಯ ಅಂಕಿ, ಉಳಿದದ್ದು ವಾರ. ಪವರ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡರ ಮೇಲೂ 606, ಅದರ ಪಕ್ಕ 2. ಆ 2 ಯಾವ ದಶಕದ್ದು ಎಂಬುದನ್ನು ವಾಲ್ಯೂಮ್ ಪಾಟ್‌ಗಳ (ತಿರುಗಿಸುವ ಗುಂಡಿಯ ಹಿಂದಿನ ಬಿಡಿಭಾಗ) ಬೆನ್ನು ಹೇಳಿತು: 137, ಅಂದರೆ ಸಿಟಿಎಸ್ ಕಂಪನಿ, ಆಮೇಲೆ 72. ಸ್ಪೀಕರಿನ ಮೇಲೆ 465, ಅದು ಆಕ್ಸ್‌ಫರ್ಡ್. ಎಲ್ಲ ಒಂದೇ ಕಾಲದವು, ಹುಟ್ಟಿದಾಗಿನಿಂದ ಜತೆಗಿದ್ದವು. ಬೆಸುಗೆಗಳೂ ಕಾರ್ಖಾನೆಯವೇ. ಷಾಸಿಯಲ್ಲಿ ಹೊಸ ತೂತಿಲ್ಲ, ಯಾರೂ ಇನ್ನೊಂದು ವಾಲ್ಯೂಮ್ ಸೇರಿಸಿಲ್ಲ, ಪೆಟ್ಟಿಗೆಯನ್ನು ಬೇರೆ ಸ್ಪೀಕರಿಗೆಂದು ಗರಗಸ ಹಾಕಿ ಕೊಯ್ದಿಲ್ಲ. ಹುಡುಗನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ, "ಒಳಗೆ ಯಾರೂ ಕೈ ಹಾಕಿಲ್ಲ ಕಣೋ." ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಾಗಿದ್ದಿದ್ದರೆ, ಷಾಸಿ ತೂತು ಬಿದ್ದಿದ್ದರೆ ಅರ್ಧ ಬೆಲೆಗೂ ಬೇಡ ಅನ್ನುತ್ತಿದ್ದೆ.

ಷಾಸಿಯ ಇನ್ನೊಂದು ಬದಿಯಲ್ಲಿ ಒಂದು ತಗಡಿನ ಮುಚ್ಚಳದ ಅಡಿ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿವೆ. ಅವುಗಳ ತುದಿಯಲ್ಲಿ ಬಿಳಿ ಹಿಟ್ಟು ಕಟ್ಟಿತ್ತು, ಒಂದು ಉಬ್ಬಿತ್ತು. ಐವತ್ತು ವರ್ಷ ದುಡಿದವು, ಬದಲಿಸಲೇಬೇಕು. ಅದನ್ನು ದೋಷವೆಂದು ನಾನು ಎಣಿಸಲಿಲ್ಲ, ಖರ್ಚೆಂದು ಬರೆದುಕೊಂಡೆ.

ಇನ್ನು ಚಾಲೂ ಮಾಡುವುದು. ಹಳೆಯ ಆಂಪನ್ನು ಸೀದಾ ಮೇನ್ಸಿಗೆ ಹಚ್ಚುವುದಿಲ್ಲ. 100 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗಿ ನಿಲ್ಲುತ್ತದೆ, ಆಂಪ್ ಉಳಿದುಕೊಳ್ಳುತ್ತದೆ. ನಮ್ಮದರಲ್ಲಿ ಬಲ್ಬು ಒಮ್ಮೆ ಜೋರಾಗಿ ಹೊತ್ತಿ, ಮೆಲ್ಲಗೆ ಮಂಕಾಯಿತು. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಮೇಲೆ ನೇರ ಮೇನ್ಸ್ ಕೊಟ್ಟೆವು. ಹಮ್ ಇತ್ತು, 120 ಹರ್ಟ್ಸ್‌ನ ಒರಟು ಗುಂಯ್. ಅದು ಆ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಗೋಳು. ಅರ್ಥ್ ಅಥವಾ ವಾಲ್ವ್‌ಗಳನ್ನು ಕಾಯಿಸುವ ಹೀಟರ್ ತಂತಿಯ ದೋಷವಾಗಿದ್ದರೆ 60ರ ಮೆತ್ತನೆಯ ಗುನುಗು ಬರುತ್ತಿತ್ತು. ಗಿಟಾರ್ ಹಚ್ಚಿದಾಗ ಹುಡುಗನ ಮುಖ ನೋಡಬೇಕಿತ್ತು. ಅಷ್ಟು ಕಾಯಿಲೆಯಲ್ಲೂ ಆ ಸ್ವರಕ್ಕೆ ಗಂಟೆಯ ಮೊಳಗಿತ್ತು.

"ವೈಬ್ರಾಟೊ ಸತ್ತು ಹೋಗಿದೆ, ಅದಕ್ಕೇ 1,800 ಹೇಳಿದ್ದು, ಇಲ್ಲದಿದ್ದರೆ ಹೆಚ್ಚು" ಅಂದರು ಹಿರಿಯರು. ಕಾಲಿನ ಸ್ವಿಚ್ ಎಲ್ಲಿ ಅಂತ ಕೇಳಿದೆ. ಯಾವತ್ತೋ ಕಳೆದುಹೋಯಿತಂತೆ. ಈ ಆಂಪಿನಲ್ಲಿ ಕಾಲಿನ ಸ್ವಿಚ್ ಹಚ್ಚದಿದ್ದರೆ ವೈಬ್ರಾಟೊ ಕೆಲಸ ಮಾಡುವುದೇ ಇಲ್ಲ, ಅದರ ವಿನ್ಯಾಸವೇ ಹಾಗೆ. ರಿವರ್ಬ್ ಆದರೆ ಸ್ವಿಚ್ ಇಲ್ಲದೆಯೂ ಬರುತ್ತದೆ. ಒಂದು ಆರ್‌ಸಿಎ ಪ್ಲಗ್ಗಿನ ಎರಡು ತುದಿಗಳನ್ನು ಕೂಡಿಸಿ ಹಿಂದಿನ ತೂತಿಗೆ ಹಾಕಿದೆ, ಸದ್ದು ಅಲೆಯಲೆಯಾಗಿ ಏರಿಳಿಯತೊಡಗಿತು. ಹುಡುಗ ನನ್ನ ಕಡೆ ನೋಡಿದ. ಸುಮ್ಮನಿದ್ದಿದ್ದರೆ ಚೌಕಾಸಿಗೆ ಅನುಕೂಲವಿತ್ತಲ್ಲ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನನಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಅವರ ವಸ್ತುವಿನ ಬಗ್ಗೆ ಅವರಿಗೆ ಗೊತ್ತಿಲ್ಲದ ಒಳ್ಳೆಯದನ್ನು ಮುಚ್ಚಿಟ್ಟು ಬೆಲೆ ಇಳಿಸುವುದು ವ್ಯಾಪಾರವಲ್ಲ. ಅವರು 1,800ಕ್ಕೇ ನಿಂತರು.

ಪಟಪಟ ಸದ್ದು

ತಕರಾರಿನ ಜಾಗ ಬೇರೆ ಇತ್ತು. ಆಂಪ್ ಬಿಸಿಯಾಗುತ್ತಿದ್ದಂತೆ ಪಟಪಟ ಎಂಬ ಸದ್ದು ಶುರುವಾಯಿತು. ಎರಡೂ ಚಾನೆಲ್‌ಗಳ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ನಿಲ್ಲಲಿಲ್ಲ. ಅಂದರೆ ಹುಟ್ಟುತ್ತಿರುವುದು ವಾಲ್ಯೂಮ್ ಆದ ಮೇಲಿನ ಹಂತದಲ್ಲಿ. ಆಂಪನ್ನು ಆರಿಸಿ, ನಾಲ್ಕನೆಯ ಸಣ್ಣ ವಾಲ್ವನ್ನು ಕಿತ್ತು, ಆಂಪನ್ನು ಮತ್ತೆ ಚಾಲೂ ಮಾಡಿದರೆ ಸದ್ದು ನಿಂತಿತು. ಬೇರೆ ವಾಲ್ವ್ ಹಾಕಿದರೆ ಮತ್ತೆ ಬಂತು. ವಾಲ್ವ್ ತಪ್ಪಲ್ಲ, ಅದರ ಸುತ್ತಲಿನ ಸರ್ಕ್ಯೂಟ್.

ಇಲ್ಲಿ ಎರಡು ಸಾಧ್ಯತೆ. ಒಂದು, ವಾಲ್ವಿನ ಪ್ಲೇಟಿಗೆ (ಹೆಚ್ಚಿನ ವೋಲ್ಟೇಜು ಸಿಗುವ ಒಳಭಾಗ) ಹೋಗುವ 100 ಕಿಲೊ ಓಮ್‌ನ ಹಳೆಯ ಕಾರ್ಬನ್ ರೆಸಿಸ್ಟರ್ ಕೆಟ್ಟಿರಬಹುದು, ಅದು ಕೆಲವು ಪೈಸೆಯ ಮಾತು. ಇನ್ನೊಂದು ಆ ಫೈಬರ್ ಹಲಗೆಯೇ. ಕಪ್ಪು ಹಲಗೆ ದಶಕಗಟ್ಟಲೆ ತೇವ ಹೀರಿದರೆ ಅದರ ಮೈಯಲ್ಲೇ ವಿದ್ಯುತ್ ಹರಿಯತೊಡಗುತ್ತದೆ. ನೂರಾರು ವೋಲ್ಟಿನ ಒಂದು ಕಣ್ಣಿನಿಂದ, ವಾಲ್ವಿಗೆ ಸದ್ದಿನ ಸಂಕೇತ ಒಳಬರುವ ಗ್ರಿಡ್ಡಿನ ಪಕ್ಕದ ಕಣ್ಣಿಗೆ ಸೋರುತ್ತದೆ. ಆಂಪ್ ಇದ್ದದ್ದು ಒಹಾಯೊದ ನೆಲಮಾಳಿಗೆಯಲ್ಲಿ, ಗೋಡೆಗೆ ಕೈಯಿಟ್ಟರೆ ತಣ್ಣಗೆ ಜಿನುಗುವ ಜಾಗ.

ಪರೀಕ್ಷೆ ಸುಲಭ, ಆದರೆ ಅಭ್ಯಾಸವಿಲ್ಲದವರು ಮಾಡುವಂಥದ್ದಲ್ಲ. ಒಳಗಿನ ವೋಲ್ಟೇಜು ಕೊಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಎಡಗೈಯನ್ನು ಜೇಬಿಗೆ ಹಾಕಿಕೊಂಡೆ. ಮೀಟರಿನ ಕಪ್ಪು ತಂತಿಯನ್ನು ಷಾಸಿಗೆ ಕಚ್ಚಿಸಿ, ಕೆಂಪು ಮೊನೆಯನ್ನು ಎರಡು ಕಣ್ಣುಗಳ ನಡುವಿನ ಬರಿ ಹಲಗೆಯ ಮೇಲೆ ಒತ್ತಿದೆ. ಮೊದಲ ವಾಲ್ವಿನ ಬಳಿ ಸೊನ್ನೆ. ಎರಡನೆಯದರ ಬಳಿ ಕೆಲವು ಮಿಲಿವೋಲ್ಟ್. ನಾಲ್ಕನೆಯ ವಾಲ್ವಿನ ಪ್ಲೇಟ್ ರೆಸಿಸ್ಟರಿನ ಪಕ್ಕ, ಯಾವ ತಂತಿಯೂ ಇಲ್ಲದ ಬರಿ ಹಲಗೆಯ ಮೇಲೆ 7 ವೋಲ್ಟ್. ಮೊನೆಯನ್ನು ಅಷ್ಟಷ್ಟೇ ಸರಿಸುತ್ತ ಹೋದೆ: 5, 2, ಮತ್ತೆ ಸೊನ್ನೆ. ಸೋರಿಕೆ ಒಂದು ಬೆರಳಗಲದ ಜಾಗಕ್ಕೆ ಸೀಮಿತವಾಗಿತ್ತು. ಹಲಗೆ ಪೂರ್ತಿ ಹೀಗಿದ್ದಿದ್ದರೆ ಎಲ್ಲ ಭಾಗಗಳನ್ನೂ ಹೊಸ ಹಲಗೆಗೆ ಸಾಗಿಸಬೇಕಾಗಿತ್ತು. ಆಗ ಅದು ರಿಪೇರಿಯಾಗುವುದಿಲ್ಲ, ಹೊಸ ಆಂಪ್ ಕಟ್ಟಿದಂತೆಯೇ ಆಗುತ್ತದೆ.

ಲೆಕ್ಕ

ಕಾರಿನಲ್ಲಿ ಕೂತು ಬರೆದೆವು. ಎಲೆಕ್ಟ್ರೊಲಿಟಿಕ್‌ಗಳ ಪೂರ್ತಿ ಸೆಟ್ಟು 70 ಡಾಲರ್. ಹೊಂದಾಣಿಕೆಯಾದ ಒಂದು ಜೋಡಿ 6ವಿ6, 60. ಮೇನ್ಸ್ ವೈರು 15, ಸಣ್ಣಪುಟ್ಟ ರೆಸಿಸ್ಟರ್ 20, ಕಾಲಿನ ಸ್ವಿಚ್ 40. ಸ್ಪೀಕರಿನ ಕಾಗದದ ಕೋನ್ ಒಂದೆಡೆ ಹರಿದು ಯಾರೋ ಅಂಟು ಹಚ್ಚಿದ್ದರು. ಹೊಸ ಕೋನ್ ಹಾಕಿಸಿದರೆ 130. ಒಟ್ಟು 335, ಕಾಣದ ಖರ್ಚಿಗೆ ಇನ್ನೊಂದು 150. ಇದೇ ಕಾಲದ, ಕೆಲಸವೆಲ್ಲ ಮುಗಿಸಿಟ್ಟ ಆಂಪಿಗೆ ಸುತ್ತಲಿನ ಅಂಗಡಿಗಳಲ್ಲಿ ಆಗ 1,900ರಿಂದ 2,000 ಕೇಳುತ್ತಿದ್ದರು. ಕಳೆದು ನೋಡಿದರೆ 1,450 ಮಿತಿ. ಇದರಲ್ಲಿ ನನ್ನ ಕೂಲಿ ಸೇರಿಲ್ಲ. ಅಂಗಡಿಗೆ ಕೊಟ್ಟು ಮಾಡಿಸುವವರು ಮುನ್ನೂರು ನಾನೂರು ಡಾಲರ್ ಹೆಚ್ಚಿಗೆ ಹಿಡಿಯಬೇಕು, ಅವರ ಮಿತಿ 1,100ರ ಆಸುಪಾಸಿಗೆ ಇಳಿಯುತ್ತದೆ. ಈ ಅಂತರವನ್ನು ಮರೆತು ಕೊಳ್ಳುವವರೇ ಹೆಚ್ಚು. ಇನ್ನು, ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕವನ್ನು ನಾನು ಸೇರಿಸುವುದೇ ಇಲ್ಲ.

ವಾಲ್ವ್‌ಗಳ ಬಗ್ಗೆ ಒಂದು ಮಾತು. ಇವತ್ತು ಹೊಸ ವಾಲ್ವ್ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ. ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿವೆ. 2022ರಲ್ಲಿ ರಷ್ಯಾದಿಂದ ರಫ್ತು ನಿಂತಾಗ ಎಲ್ಲ ಕಡೆ ಬೆಲೆ ಜಿಗಿದಿತ್ತು. ಬೆಂಗಳೂರಿಗೆ ಹೋದ ಮೇಲೆ ಸಿಗುತ್ತದಾ ಎಂದು ಹುಡುಗ ಕೇಳಿದ. ಜಾಲಹಳ್ಳಿಯ ಬಿಇಎಲ್‌ನಲ್ಲಿ ಒಂದು ಕಾಲಕ್ಕೆ ಇಸಿಸಿ83 ಎಂಬ ಸಣ್ಣ ವಾಲ್ವ್ ತಯಾರಾಗುತ್ತಿತ್ತು. ಈ ಆಂಪಿನ 12ಎಎಕ್ಸ್7ಕ್ಕೆ ಯುರೋಪಿನ ಹೆಸರೇ ಅದು, ಸೀದಾ ಕೂರುತ್ತದೆ. ನನ್ನ ಹಳೆಯ ಡಬ್ಬಿಯಲ್ಲೇ ಕೆಲವು ಇವೆ, ತಂಗಿಯ ಮನೆಯ ಅಟ್ಟದ ಮೇಲೆ. ಆದರೆ ಪವರ್ ವಾಲ್ವ್‌ಗಳನ್ನು ಇಲ್ಲಿಂದಲೇ ಒಯ್ಯುವುದು ಕ್ಷೇಮ.

ಅದಕ್ಕಿಂತ ದೊಡ್ಡ ಪ್ರಶ್ನೆ ಮೇನ್ಸಿನದು. ಈ ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ್ದು. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಇಟ್ಟರೆ ವೋಲ್ಟೇಜು ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಅದೇ 120 ವೋಲ್ಟನ್ನು 50 ಹರ್ಟ್ಸ್‌ನಲ್ಲಿ ಕೊಟ್ಟರೆ ಕಬ್ಬಿಣದೊಳಗಿನ ಕಾಂತಕ್ಷೇತ್ರ ಶೇಕಡಾ 20ರಷ್ಟು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಹಾಗಂತ 100 ವೋಲ್ಟಿಗೆ ಇಳಿಸಿದರೆ ಹೀಟರಿಗೆ ಬೇಕಾದ 6.3 ವೋಲ್ಟ್ ಸಿಗುವುದಿಲ್ಲ. ಎರಡೂ ಕಡೆಯ ಮೇನ್ಸಿಗೆ ಹೊಂದುವ ಬದಲಿ ಟ್ರಾನ್ಸ್‌ಫಾರ್ಮರ್ ಹಾಕುವುದೇ ಸರಿಯಾದ ದಾರಿ. ಕೆನಡಾದ ಹ್ಯಾಮಂಡ್ ಮ್ಯಾನುಫ್ಯಾಕ್ಚರಿಂಗ್‌ನಂಥವರು ಅದನ್ನು ಮಾಡುತ್ತಾರೆ (ಆರ್ಗನ್ ಮಾಡುತ್ತಿದ್ದ ಹ್ಯಾಮಂಡ್ ಬೇರೆ, ಇವರು ಬೇರೆ). ಊರಿಗೆ ಹೋಗುವುದು ಖಚಿತವಾದಾಗ ಆ ಖರ್ಚು. ಹಳೆಯ ಟ್ರಾನ್ಸ್‌ಫಾರ್ಮರನ್ನು ಸುತ್ತಿ ಇಟ್ಟುಕೊಂಡರೆ ಯಾವಾಗ ಬೇಕಾದರೂ ಮೂಲ ಸ್ಥಿತಿಗೆ ತರಬಹುದು.

ಕೊಂಡದ್ದು, ಮಾಡಿದ್ದು

1,350 ಎಂದು ಶುರುಮಾಡಿದೆವು. ಉಬ್ಬಿದ ಕೆಪಾಸಿಟರನ್ನೂ ಹಲಗೆಯ ಮೇಲಿನ 7 ವೋಲ್ಟನ್ನೂ ಅವರಿಗೇ ತೋರಿಸಿದ್ದರಿಂದ ಮಾತು ಉದ್ದವಾಗಲಿಲ್ಲ. 1,450ಕ್ಕೆ ಕೈ ಕುಲುಕಿದೆವು. 1,500 ಅಂದಿದ್ದರೆ ಬಿಟ್ಟು ಬರುವುದೆಂದು ಹುಡುಗನಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ.

ನಮ್ಮ ಮನೆಯ ಬೆಂಚಿಗೆ ತಂದು ಮೊದಲು ಎಲೆಕ್ಟ್ರೊಲಿಟಿಕ್‌ಗಳನ್ನು ಬದಲಿಸಿದೆ. ಅಷ್ಟಕ್ಕೇ ಹಮ್ ಹೋಯಿತು. ನಾಲ್ಕನೆಯ ವಾಲ್ವಿನ ಬಳಿ ಹಲಗೆಗೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಒಣಗಿಸಿದ ಮೇಲೆ 7 ವೋಲ್ಟ್ 1ಕ್ಕೆ ಇಳಿಯಿತು. ತೇವ ಮತ್ತೆ ಸೇರುವುದು ಖಂಡಿತ. ಹಾಗಾಗಿ ಗ್ರಿಡ್ಡಿಗೆ ಹೋಗುವ ಜೋಡಣೆಯನ್ನು ಹಲಗೆಯ ಕಣ್ಣಿನಿಂದ ಬಿಡಿಸಿ ಮೇಲಕ್ಕೆತ್ತಿ, ಹಲಗೆಗೆ ತಾಗದಂತೆ ನಿಲ್ಲಿಸಿದೆ. ಪ್ಲೇಟ್ ರೆಸಿಸ್ಟರನ್ನೂ ಬದಲಿಸಿದೆ. ಪಟಪಟ ಆಮೇಲೆ ಬರಲಿಲ್ಲ. ಬೆಸುಗೆ ಮುಟ್ಟಿದ್ದು ಅಷ್ಟೇ ಜಾಗದಲ್ಲಿ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದು ಹಂತದಿಂದ ಇನ್ನೊಂದಕ್ಕೆ ಸದ್ದನ್ನು ದಾಟಿಸುವ ಮೂಲದ ಕಪ್ಲಿಂಗ್ ಕೆಪಾಸಿಟರ್‌ಗಳನ್ನು ಡಿಸಿ ಸೋರುತ್ತಿಲ್ಲವೆಂದು ಅಳೆದು ನೋಡಿ ಹಾಗೇ ಬಿಟ್ಟೆ. ಎಲ್ಲವನ್ನೂ ಕಿತ್ತು ಹೊಸದು ಹಾಕುವ ರಿಪೇರಿಗಾರರಿದ್ದಾರೆ. ಹಾಗೆ ಮಾಡಿದರೆ ಈ ಆಂಪನ್ನು ಹುಡುಕಿಕೊಂಡು ಹೋದ ಉದ್ದೇಶವೇ ಹಾಳಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ರೆಕ್ಸಿನ್ನಿನ ಮೂಲೆಗಳನ್ನು ಅಂಟಿಸಿದೆವು, ಹೊಸ ಹೊದಿಕೆ ಹಾಕಲಿಲ್ಲ. ಮುಂದಿನ ಬಟ್ಟೆಯನ್ನು ನಾಜೂಕಾಗಿ ಒರೆಸಿದ ಮೇಲೂ ಹೊಗೆಯ ಬಣ್ಣ ಅರ್ಧ ಉಳಿದಿದೆ, ಇರಲಿ.

ಪವರ್ ವಾಲ್ವ್‌ಗಳ ವಿಷಯದಲ್ಲಿ ಎಚ್ಚರ ಬೇಕಿತ್ತು. ಹಳೆಯ ಕೈಪಿಡಿಗಳು 6ವಿ6ಜಿಟಿಯ ಪ್ಲೇಟಿಗೆ ಹೇಳುವ ಮಿತಿ 315 ವೋಲ್ಟ್; ಫೆಂಡರ್ ತನ್ನ ನಕ್ಷೆಯಲ್ಲೇ 415 ಎಂದು ಬರೆದುಕೊಂಡಿದೆ. ಆ ಕಾಲದ ಅಮೆರಿಕನ್ ವಾಲ್ವ್‌ಗಳು ತಾಳಿಕೊಂಡವು, ಈಗಿನ ಎಲ್ಲವೂ ತಾಳುವುದಿಲ್ಲ. ಜತೆಗೆ ಇದನ್ನು ವಿನ್ಯಾಸ ಮಾಡಿದ್ದು 117 ವೋಲ್ಟಿಗೆ, ಇಲ್ಲಿ ನಮ್ಮ ಮನೆಯ ಗೋಡೆಯಲ್ಲಿ ಬರುವುದು 122. ಹೆಚ್ಚಿನ ವೋಲ್ಟೇಜು ತಾಳುವುದಕ್ಕೆ ಹೆಸರಾದ ಸ್ಲೊವಾಕಿಯಾದ ಜೋಡಿ ಹಾಕಿ ಬಯಾಸ್ (ನುಡಿಸದೆ ಸುಮ್ಮನಿರುವಾಗ ವಾಲ್ವಿನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಿದೆ. ಪ್ಲೇಟ್ 420 ವೋಲ್ಟ್, ಒಂದರಲ್ಲಿ 21 ಮಿಲಿ ಆಂಪಿಯರ್, ಇನ್ನೊಂದರಲ್ಲಿ 22. ಒಂದೊಂದೂ ಸುಮಾರು 9 ವ್ಯಾಟ್. ಕೈಪಿಡಿಯ 12 ವ್ಯಾಟ್ ಮಿತಿಯ ಒಳಗೇ ಇದೆ.

ಕೋನ್ ವಿಷಯದಲ್ಲಿ ಹುಡುಗ ನನ್ನ ಮಾತು ಕೇಳಲಿಲ್ಲ, ಅವನು ಮಾಡಿದ್ದೇ ಸರಿ ಅನ್ನಿಸುತ್ತಿದೆ. ಮೂಲದ ಕೋನ್ ಕಿತ್ತರೆ ಆಕ್ಸ್‌ಫರ್ಡಿನ ದನಿ ಹೋಗುತ್ತದೆ ಎಂದು ಅಂಟಿನ ತೇಪೆಯನ್ನೇ ಗಟ್ಟಿಮಾಡಿಸಿಕೊಂಡು ಮನೆಯಲ್ಲಿ ಅದರಲ್ಲೇ ನುಡಿಸುತ್ತಾನೆ. ವೇದಿಕೆಗೆ ಹೋಗುವಾಗ ಇನ್ನೊಂದು 8 ಓಮ್ ಸ್ಪೀಕರನ್ನು ಹಚ್ಚುತ್ತಾನೆ. ಕಿತ್ತ ಹಳೆಯ ಕೆಪಾಸಿಟರ್‌ಗಳು, ರೆಸಿಸ್ಟರ್, ಕತ್ತರಿಸಿದ ಪಿನ್ನಿನ ವೈರು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ, ಯಾವುದು ಎಲ್ಲಿತ್ತು ಎಂದು ಚೀಟಿ ಬರೆದು ಪೆಟ್ಟಿಗೆಯ ಒಳಬದಿಗೆ ಕಟ್ಟಿದ್ದೇವೆ. ಮುಂದೆ ಇದನ್ನು ಬಿಚ್ಚುವ ರಿಪೇರಿಗಾರ ಮೊದಲು ನೋಡಲಿ ಅಂತ.